ಸೂರಿನ ಕಟ್ಟೆ

ಕೆಂಗೇರಿಯಲ್ಲಿ ಕುಳಿತು ಹಿಮದ ಮಾತನಾಡುವವನನ್ನು ಕಂಡು ನಗುವವರು ನಗಲಿ. ಮಂಜುಗಡ್ಡೆಯು ಮನೆಯ ಮಾಡಿಗೆ ಮಾಡುವ ಅಪಕಾರವನ್ನು ನಮ್ಮ ಊರಿನವರೂ ಅರ್ಧ ಗಂಟೆಯ ಮಟ್ಟಿಗೆ ಬಲ್ಲರು. ಚೈತ್ರ ವೈಶಾಖಗಳ ಬಿಸಿಲಿಗೆ ನೆಲ ಗೋಡೆಗಳೆಲ್ಲ ಕಾದಿರುವ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕತ್ತಲೆ ಕವಿಯುತ್ತದೆ, ಗಾಳಿ ಎದ್ದು ಹೊಂಗೆಯ ಎಲೆಯನ್ನೂ ಹೂವನ್ನೂ ಬಾಚಿ ತಾರಸಿಯ ಮೇಲೆ ಚೆಲ್ಲುತ್ತದೆ, ಹಿಂದೆಯೇ ಆಲಿಕಲ್ಲು. ಮಕ್ಕಳು ಲೋಟ ಹಿಡಿದು ಅಂಗಳಕ್ಕೆ ಓಡುತ್ತವೆ. ಮೇಲೆ, ಯಾರ ಕಣ್ಣಿಗೂ ಬೀಳದ ತಾರಸಿಯ ಮೂಲೆಯಲ್ಲಿ, ಆಲಿಕಲ್ಲುಗಳು ಉರುಳುರುಳಿ ನೀರು ಇಳಿಯುವ ಕೊಳವೆಯ ಬಾಯಿಗೆ ಸೇರಿ, ಎಲೆಗಳ ಸಂಗಡ ಬೆಸೆದುಕೊಂಡು, ಚಿಕ್ಕದೊಂದು ಕಟ್ಟೆಯನ್ನೇ ಕಟ್ಟಿಬಿಡುತ್ತವೆ. ಹಿಂದಿನಿಂದ ಬಂದ ಮಳೆಯ ನೀರಿಗೆ ದಾರಿಯಿಲ್ಲ. ಅದು ನಿಲ್ಲುತ್ತದೆ, ಪಾದ ಮುಳುಗುವಷ್ಟು ಏರುತ್ತದೆ, ಅಡ್ಡಗೋಡೆಯ ಬುಡದಲ್ಲಿ ಬಿಸಿಲಿಗೆ ಬಿಟ್ಟಿದ್ದ ಕೂದಲೆಳೆಯಷ್ಟು ಬಿರುಕನ್ನು ಹುಡುಕಿ ಒಳಗಿಳಿಯುತ್ತದೆ. ಅರ್ಧ ಗಂಟೆಯಲ್ಲಿ ಆಲಿಕಲ್ಲು ಕರಗಿ ಕಟ್ಟೆ ಒಡೆದು ಎಲ್ಲವೂ ಹರಿದುಹೋಗುತ್ತದೆ. ಮರುದಿನ ಕೋಣೆಯ ಮೂಲೆಯಲ್ಲಿ ಅಂಗೈಯಗಲದ ಕಲೆ ಮೂಡಿದಾಗ ಮನೆಯವರು ‘ಎಂಥ ಮಳೆ!’ ಎಂದು ಮಳೆಯನ್ನು ಬೈಯುತ್ತಾರೆ.

ಶೀತದೇಶಗಳಲ್ಲಿ ಈ ಅರ್ಧ ಗಂಟೆ ಎರಡು ತಿಂಗಳವರೆಗೆ ಎಳೆದಾಡುವುದುಂಟು. ಅಲ್ಲಿ ಸೂರಿನಂಚಿನಲ್ಲಿ ಮಂಜುಗಡ್ಡೆಯ ಕಟ್ಟೆ ಏಳುತ್ತದೆ. ಅದಕ್ಕೆ ಅಲ್ಲಿನವರು ‘ಐಸ್ ಡ್ಯಾಮ್’ ಎಂದೇ ಹೆಸರಿಟ್ಟಿದ್ದಾರೆ. ಈ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು 2015ರ ಫೆಬ್ರವರಿಯಲ್ಲಿ. ಹೇಳಿದವನು ಬಾಸ್ಟನ್ ನಗರದ ಹತ್ತಿರ ಮನೆ ಮಾಡಿಕೊಂಡಿರುವ ನನ್ನ ಅಕ್ಕನ ಮಗ. ಆ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ ಒಟ್ಟು 110.6 ಅಂಗುಲ, ಎಂದರೆ ಒಂಬತ್ತು ಅಡಿಗೂ ಮಿಕ್ಕಿ ಹಿಮ ಬಿದ್ದಿತು. ಆ ಊರಿನ ದಾಖಲೆಗಳಲ್ಲಿ ಅದಕ್ಕಿಂತ ಹೆಚ್ಚು ಬಿದ್ದ ಚಳಿಗಾಲವಿಲ್ಲ. ಅದರಲ್ಲಿ ಬಹುಪಾಲು ಬಿದ್ದದ್ದು ಜನವರಿಯ ಕೊನೆಯ ವಾರದಿಂದೀಚೆಗೆ ಸುಮಾರು ಒಂದು ತಿಂಗಳಿನೊಳಗೆ. “ಮಾವ, ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದೆ. ಎಲ್ಲವೂ ಕಲ್ಲಾಗಿದೆ. ಆದರೂ ನಮ್ಮ ಊಟದ ಮನೆಯ ಸೂರು ಸೋರುತ್ತಿದೆ. ನೀವು ವಿಜ್ಞಾನದ ಮೇಷ್ಟರಲ್ಲವೇ, ಹೇಗೆಂದು ಹೇಳಿ” ಎಂದು ಅವನು ಫೋನಿನಲ್ಲಿ ಕೇಳಿದ.

ಪ್ರಶ್ನೆ ಸೊಗಸಾದುದು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಶಾಖದ ಪಾಠ ಮಾಡಿದವನಿಗೆ ಇಂಥ ಪ್ರಶ್ನೆ ಒಂದೂ ಬಂದಿರಲಿಲ್ಲ. ಹೊರಗೆ ನೀರೆಲ್ಲ ಹೆಪ್ಪುಗಟ್ಟಿರುವಾಗ ಸೋರಲು ನೀರೆಲ್ಲಿಂದ ಬಂತು? ಉತ್ತರ ಮನೆಯೊಳಗೇ ಇದೆ. ಅಲ್ಲಿನ ಮನೆಗಳನ್ನು ಒಲೆ ಹೊತ್ತಿಸಿ ಬೆಚ್ಚಗಿಟ್ಟಿರುತ್ತಾರೆ. ಬಿಸಿಗಾಳಿ ಮೇಲೇರುವ ಸ್ವಭಾವದ್ದು. ದೀಪ ಕೂರಿಸಿದ ರಂಧ್ರ, ಅಟ್ಟಕ್ಕೆ ಹತ್ತುವ ಬಾಗಿಲಿನ ಸಂದು, ಕೊಳವೆಗಳ ಸುತ್ತ ಬಿಟ್ಟ ಬಿರುಕು, ಹೀಗೆ ಸಿಕ್ಕಿದ ಕಡೆಯಲ್ಲೆಲ್ಲ ನುಸುಳಿ ಅಟ್ಟವನ್ನು ಸೇರುತ್ತದೆ. ಅಟ್ಟ ಬೆಚ್ಚಗಾದರೆ ಅದರ ಮೇಲಿನ ಇಳಿಜಾರು ಮಾಡೂ ಬೆಚ್ಚಗಾಗುತ್ತದೆ. ಮಾಡಿನ ಮೇಲೆ ಕಟ್ಟಿದ ಹಿಮ ತಾನೇ ಒಂದು ಕಂಬಳಿ. ಹೊರಗಿನ ಚಳಿಯನ್ನು ಒಳಕ್ಕೆ ಬಿಡದೆ ತಡೆಯುವಂಥದು. ಆದುದರಿಂದ ಹಿಮದ ಮೇಲ್ಮೈ ಗಡ್ಡೆಯಾಗಿರುವಾಗಲೇ ಅದರ ಅಡಿ ಮೆಲ್ಲಮೆಲ್ಲನೆ ಕರಗುತ್ತದೆ. ಕರಗಿದ ನೀರು ಹಿಮದ ಕೆಳಗೆ ಹರಿದು ಸೂರಿಗೆ ಬರುತ್ತದೆ. ಸೂರು ಗೋಡೆಯಿಂದಾಚೆ ಚಾಚಿಕೊಂಡ ಭಾಗ. ಅದರ ಕೆಳಗೆ ಬೆಚ್ಚನೆಯ ಕೋಣೆಯಿಲ್ಲ, ಬರಿಯ ಚಳಿಗಾಳಿ. ಅಲ್ಲಿಗೆ ಬಂದ ನೀರು ಮತ್ತೆ ಗಡ್ಡೆಗಟ್ಟುತ್ತದೆ. ಇವತ್ತಿನ ಗಡ್ಡೆಯ ಮೇಲೆ ನಾಳೆಯ ಗಡ್ಡೆ ಸೇರಿ ಕಟ್ಟೆ ಬೆಳೆಯುತ್ತದೆ. ಕಟ್ಟೆಯ ಹಿಂದೆ ಕೆರೆ ನಿಲ್ಲುತ್ತದೆ. ಆ ಮಾಡಿಗೆ ಹೊದಿಸಿರುವ ಡಾಂಬರು ಬಿಲ್ಲೆಗಳು ಒಂದರ ಮೇಲೊಂದು ಹೊದ್ದುಕೊಂಡಿರುವುವು; ಮೇಲಿನಿಂದ ಕೆಳಗೆ ಹರಿಯುವ ನೀರನ್ನು ಅವು ಜಾರಿಸಬಲ್ಲವೇ ಹೊರತು, ಕೆಳಗೆ ನಿಂತು ಮೇಲಕ್ಕೆ ಏರುವ ನೀರನ್ನು ತಡೆಯಲಾರವು. ನೀರು ಬಿಲ್ಲೆಯ ಕೆಳಗೆ ಹಿಂದುಹಿಂದಾಗಿ ಏರಿ, ಮರದ ಹಲಗೆಯ ಸಂದಿನಲ್ಲಿ ಇಳಿದು, ಗೋಡೆಯೊಳಗಿನಿಂದ ಊಟದ ಮೇಜಿನ ಮೇಲೆ ತೊಟ್ಟಿಕ್ಕುತ್ತದೆ.

ಸೂರಿನಿಂದ ಇಳಿಬಿದ್ದ ಮಂಜಿನ ಕೋಲುಗಳು ಹೊಳೆಯುವ ಚಿತ್ರವನ್ನು ಕ್ರಿಸ್‌ಮಸ್ ಕಾರ್ಡುಗಳಲ್ಲಿ ನಾವೆಲ್ಲರೂ ಕಂಡು ಮೆಚ್ಚಿದ್ದೇವೆ. ನನ್ನ ಅಳಿಯನ ನೆರೆಯವರು ಅವನಿಗೆ ಹೇಳಿದರಂತೆ: ಕೋಲು ಉದ್ದವಾದಷ್ಟೂ ಒಳಗಿನ ಶಾಖ ಸೋರುತ್ತಿದೆಯೆಂದು ತಿಳಿ ಎಂದು. ಅಂದಿನಿಂದ ಆ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಆ ಮನೆಯವರ ಒಲೆಯ ಖರ್ಚು ನೆನಪಾಗುತ್ತದೆ.

ಕಟ್ಟೆ ಎದ್ದ ಮೇಲೆ ಅದನ್ನು ಒಡೆಯುವುದು ಹೇಗೆ? ಮೊದಲು ಯಾರಿಗಾದರೂ ಹೊಳೆಯುವುದು ಕೊಡಲಿ. ಕೊಡಲಿಯ ಏಟಿಗೆ ಗಡ್ಡೆ ಒಡೆಯುವುದು ನಿಜ. ಚಳಿಗೆ ಪೆಡಸಾಗಿರುವ ಬಿಲ್ಲೆಗಳೂ ಅದರ ಸಂಗಡ ಒಡೆಯುತ್ತವೆ. ಏಣಿಯ ಮೇಲೆ ನಿಂತವನ ತಲೆಯ ಮೇಲೆ ಮಣ ತೂಕದ ಗಡ್ಡೆ ಬಿದ್ದರೂ ಬೀಳಬಹುದು. ಹಿಮಗಟ್ಟಿದ ಮಾಡು ಹತ್ತಿ ಜಾರಿ ಬಿದ್ದು ಸಾಯುವವರು, ಕೈಕಾಲು ಮುರಿದುಕೊಳ್ಳುವವರು ಅಲ್ಲಿ ಉಂಟು. ನನ್ನ ಅಕ್ಕನಿಗೆ ಈ ಶಾಖ ಶೈತ್ಯಗಳ ತರ್ಕವೇನೂ ಬೇಕಾಗಿರಲಿಲ್ಲ. ಅವಳು ದಿನವೂ ಫೋನಿನಲ್ಲಿ ಹೇಳುತ್ತಿದ್ದುದು ಒಂದೇ ಮಾತು: “ಮಾಡು ಹತ್ತಬೇಡ ಕಣೋ. ಸೋರಿದರೆ ಸೋರಲಿ, ಕೆಳಗೊಂದು ಪಾತ್ರೆ ಇಡು.” ತಾಯಿಯ ಮಾತಿನಲ್ಲಿ ವಿಜ್ಞಾನಕ್ಕೆ ವಿರುದ್ಧವಾದದ್ದು ಏನೂ ಇರಲಿಲ್ಲ. ತಿಳಿದವರೂ ಮೊದಲು ಹೇಳುವುದು ಅದನ್ನೇ.

ಅವನು ಹತ್ತಲಿಲ್ಲ. ಕಣದಲ್ಲಿ ಕಾಳು ಗೋರುವ ಹಲಗೆಗೆ ಇಪ್ಪತ್ತು ಅಡಿಯ ಹಿಡಿ ಜೋಡಿಸಿದಂತಿರುವ ಒಂದು ಸಾಧನ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ನೆಲದ ಮೇಲೆ ನಿಂತೇ ಅದರಿಂದ ಸೂರಿನ ಕಡೆಯ ಮೂರು ನಾಲ್ಕು ಅಡಿಯ ಹಿಮವನ್ನು ಎಳೆದು ಕೆಡವಬಹುದು. ಹಿಮ ಬಿದ್ದ ದಿನವೇ, ಅದು ಇನ್ನೂ ಹಿಟ್ಟಿನಂತಿರುವಾಗ ಎಳೆದರೆ ಕರಗುವ ಸರಕೇ ಇಲ್ಲದೆ ಕಟ್ಟೆ ಏಳುವುದು ತಪ್ಪುತ್ತದೆ. ಆಗಲೇ ಎದ್ದ ಕಟ್ಟೆಗೆ ಇನ್ನೊಂದು ಉಪಾಯ. ಉದ್ದನೆಯ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡಿನ ಹರಳು ತುಂಬಿ, ಕಟ್ಟೆಗೆ ಅಡ್ಡವಾಗಿ, ಒಂದು ತುದಿ ಸೂರಿನಿಂದಾಚೆಗೆ ಇಳಿಬೀಳುವಂತೆ ಮಲಗಿಸುವುದು. ಆ ಲವಣ ಗಡ್ಡೆಯನ್ನು ಕರಗಿಸುತ್ತ ಒಂದು ಕಾಲುವೆಯನ್ನು ಕೊರೆಯುತ್ತದೆ. ಹಿಂದೆ ನಿಂತ ನೀರು ಅದರಲ್ಲಿ ಹರಿದುಹೋಗುತ್ತದೆ. ಅಡಿಗೆಯ ಉಪ್ಪಿನ ಅಣ್ಣನಾದ ಕಲ್ಲುಪ್ಪನ್ನು ಹಾಕಬಾರದು. ಅದು ತಗಡನ್ನು ತಿನ್ನುತ್ತದೆ, ಕೆಳಗಿನ ಗಿಡಗಳನ್ನು ಕೊಲ್ಲುತ್ತದೆ. ಕೈಯಲ್ಲಿ ಹಣವಿದ್ದವರು ಬಿಸಿ ಹಬೆಯ ಯಂತ್ರ ತರುವವರನ್ನು ಕರೆಯುತ್ತಾರೆ. ಹಬೆ ಗಡ್ಡೆಯನ್ನು ತುಂಡುತುಂಡಾಗಿ ಕೊಯ್ಯುತ್ತದೆ, ಬಿಲ್ಲೆಗೆ ಪೆಟ್ಟಾಗುವುದಿಲ್ಲ. ಆ ವರ್ಷ ಊರಿಗೆ ಊರೇ ಅವರಿಗಾಗಿ ಕಾಯುತ್ತಿದ್ದುದರಿಂದ ನನ್ನ ಅಳಿಯನ ಸರದಿ ಬರಲೇ ಇಲ್ಲ. ಅವನು ಕಾಲುಚೀಲವನ್ನೇ ನೆಚ್ಚಿದ.

ಇವೆಲ್ಲವೂ ತುರ್ತಿನ ಉಪಾಯಗಳು. ಕಟ್ಟೆ ಕಾಣಿಸುವುದು ಸೂರಿನಲ್ಲಿ. ಅದನ್ನು ಕಟ್ಟಿದವನು ಅಟ್ಟದಲ್ಲಿದ್ದಾನೆ. 2015ರ ಶರತ್ಕಾಲದಲ್ಲಿ, ಮೊದಲ ಹಿಮಕ್ಕೆ ಮುಂಚೆ, ಅಳಿಯ ಅಟ್ಟವನ್ನು ಹತ್ತಿ ನೋಡಿದ. ಸ್ನಾನದ ಮನೆಯ ಹಬೆಯನ್ನು ಹೊರಗೆ ತಳ್ಳಬೇಕಾಗಿದ್ದ ಫ್ಯಾನು ಅಟ್ಟಕ್ಕೇ ಅದನ್ನು ತುಂಬುತ್ತಿದ್ದಿತಂತೆ. ಅದರ ಕೊಳವೆಯನ್ನು ಹೊರಕ್ಕೆ ಒಯ್ದರು. ರಂಧ್ರ ಬಿರುಕುಗಳನ್ನು ಮುಚ್ಚಿದರು. ಅಟ್ಟದ ನೆಲದ ಮೇಲೆ ಶಾಖ ತಡೆಯುವ ಪದಾರ್ಥವನ್ನು ಮೊಳಕಾಲು ಮಟ್ಟಕ್ಕೆ ಹರಡಿದರು. ಸೂರಿನ ಅಡಿಯಿಂದ ನೆತ್ತಿಯವರೆಗೆ ಹೊರಗಿನ ತಣ್ಣನೆಯ ಗಾಳಿ ಆಡುವಂತೆ ದಾರಿ ಬಿಟ್ಟರು. ಮಾಡನ್ನು ತಣ್ಣಗಿಡುವುದೇ ಈ ಚಿಕಿತ್ಸೆಯ ಗುಟ್ಟು ಎಂದು ಕೇಳಿ ಅಕ್ಕ ಆಶ್ಚರ್ಯಪಟ್ಟಳು. ಅಷ್ಟು ಚಳಿಯ ದೇಶದಲ್ಲಿ ಮಾಡನ್ನು ಬೆಚ್ಚಗಿಡಬೇಡವೇ? ಬೇಡ, ಮನುಷ್ಯ ಬೆಚ್ಚಗಿರಬೇಕು, ಮಾಡು ತಣ್ಣಗಿರಬೇಕು, ನಡುವೆ ಶಾಖ ದಾಟಬಾರದು. ಅಂದಹಾಗೆ ಅಟ್ಟದಲ್ಲಿ ಹರಡಿದ ಆ ಪದಾರ್ಥವೆಂದರೆ ಹಳೆಯ ವೃತ್ತಪತ್ರಿಕೆಗಳನ್ನು ಅರೆದು, ಬೆಂಕಿ ಹತ್ತದಂತೆ ಬೋರಾನಿನ ಲವಣ ಬೆರೆಸಿ ಮಾಡಿದ ನಾರು. ನಮ್ಮಲ್ಲಿ ರದ್ದಿಯವನ ತಕ್ಕಡಿ ಸೇರುವ ಭಾನುವಾರದ ಪುರವಣಿಗೆ ಆ ದೇಶದಲ್ಲಿ ಒಂದು ಮನೆಯನ್ನು ಕಾಯುವ ಭಾಗ್ಯವುಂಟು. ಪತ್ರಿಕೆಗೆ ಬರೆಯುವವರಿಗೆ ಸ್ವಲ್ಪ ಸಮಾಧಾನ ಕೊಡುವ ಸಂಗತಿಯಿದು.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವುಂಟು. ನೀರು ನಿಂತಲ್ಲಿ ಮಾಡು ಸೋರುತ್ತದೆ, ಹರಿದಲ್ಲಿ ಸೋರುವುದಿಲ್ಲ ಎಂಬುದನ್ನು ನಮ್ಮ ನಾಡಿನ ಹಳೆಯ ಮನೆಗಳು ಬಲ್ಲವು; ಹೊಸ ಮನೆಗಳು ಮರೆಯುತ್ತಿವೆ. ಹಿಂದೆ ಒಂದೊಂದು ಸೀಮೆಯ ಮಾಡಿಗೂ ಒಂದೊಂದು ನ್ಯಾಯವಿದ್ದಿತು. ವರ್ಷಕ್ಕೆ ಏಳೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆಯ ಸುತ್ತಿನ ಮಲೆನಾಡಿನಲ್ಲಿ ಕಡಿದಾದ ಇಳಿಜಾರಿಗೆ ಅಡಿಕೆಯ ಸೋಗೆ ಹೊದಿಸುತ್ತಿದ್ದರು. ಕರಾವಳಿಯಲ್ಲಿ, ಕಾಸರಗೋಡಿನವರೆಗೂ, ಮುಳಿಹುಲ್ಲು. ಅದು ಒಂದು ವರ್ಷದ ಬಾಳಿನ ಮಾಡು. ಮಳೆಗಾಲಕ್ಕೆ ಮುಂಚೆ ಹೊಸ ಹೊದಿಕೆ ಹೊದಿಸುವುದು ಮನೆಯವರಿಗೂ ನೆರೆಯವರಿಗೂ ಸೇರಿದ ಕೆಲಸ. ವರ್ಷಕ್ಕೊಮ್ಮೆ ಮಾಡನ್ನು ಹತ್ತಿ ನೋಡಲೇಬೇಕಾದ ಕಟ್ಟಳೆ ಹೀಗೆ ತಾನಾಗಿಯೇ ಏರ್ಪಟ್ಟಿದ್ದಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ರೈಲನ್ನೂ ಹಡಗನ್ನೂ ಹತ್ತಿ ದೂರದೂರಕ್ಕೆ ಹೋಯಿತು. ಒಂದರ ತೋಡಿಗೆ ಇನ್ನೊಂದರ ಏಣು ಕೂರುವ ಆ ಹೆಂಚಿನ ಜಾಣ್ಮೆಯೂ ನೀರು ಕೆಳಮುಖವಾಗಿ ಹರಿಯುವವರೆಗೆ ಮಾತ್ರ. ಹಳೆಯ ಕೆಂಗೇರಿಯಲ್ಲಿ ಉಳಿದಿರುವ ಕೆಲವು ಹೆಂಚಿನ ಮನೆಗಳಿಗೆ ಮಳೆಗಿಂತ ಕೋತಿಗಳ ಕಾಟವೇ ಹೆಚ್ಚು. ಸರಿದ ಹೆಂಚನ್ನು ಸರಿಸಿ ಕೂರಿಸಿದರೆ ಆಯಿತು. ಎರಡು ಇಳಿಜಾರುಗಳು ಸೇರುವ ತಗಡಿನ ದೋಣಿಯಲ್ಲಿ ಕಸ ಕಟ್ಟಿಕೊಂಡರೆ ಮಾತ್ರ ಕೆಲಸ ಕೆಡುತ್ತದೆ.

ಬಯಲುಸೀಮೆಯ ಮಣ್ಣಿನ ಮಾಳಿಗೆಯ ಮಾತು ಬೇರೆ. ತೊಲೆ ಜಂತೆಗಳ ಮೇಲೆ ಸೊಪ್ಪುಸದೆ ಹಾಸಿ, ಮಣ್ಣು ಮೆತ್ತಿ, ಮೇಲೆ ಬೆಳೆ ಬಾರದ ಚೌಳುನೆಲದ ಮಣ್ಣನ್ನು ತಂದು ಹರಡುತ್ತಿದ್ದರು. ಹೊಲಕ್ಕೆ ಶಾಪವಾದ ಚೌಳು ಮಾಳಿಗೆಗೆ ವರ. ಆ ಮಣ್ಣು ನೆನೆದೊಡನೆ ನುಣ್ಣಗೆ ಅರಳಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರು ಒಳಗಿಳಿಯದೆ ಮೇಲೆ ಹರಿದು ಗೋಡೆಯಾಚೆ ಚಾಚಿದ ದೋಣಿಯಿಂದ ಬೀದಿಗೆ ಧುಮುಕುತ್ತದೆ. ಶಿಶುನಾಳ ಶರೀಫರು ಸೋರುವ ಮಾಳಿಗೆಯನ್ನು ತತ್ತ್ವಪದದ ವಸ್ತುವಾಗಿ ಮಾಡಿದ್ದು ಇಂಥ ಮಾಳಿಗೆಗಳ ಸೀಮೆಯಲ್ಲಿ. ಅವರ ಪದದ ಅಧ್ಯಾತ್ಮವನ್ನು ವಿವರಿಸಿದವರು ಹಲವರು. ಆದರೆ ಮುಂಗಾರಿಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕದ ಸೋಮಾರಿಯ ಮನೆ ಕಣ್ಣೆದುರಿಗೇ ಇದ್ದುದರಿಂದಲ್ಲವೇ ಆ ಸೀಮೆಯ ಕೇಳುಗರಿಗೆ ಅದು ಅಷ್ಟು ಬೇಗ ನಾಟಿದ್ದು!

ಬೆಂಗಳೂರಿನ ಹಳೆಯ ಬಡಾವಣೆಗಳಿಗೆ ಬಂದರೆ ಮದ್ರಾಸ್ ತಾರಸಿ. ಮರದ ತೊಲೆಗಳ ನಡುವೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಬೆಸೆದು, ಮೇಲೆ ಇಟ್ಟಿಗೆಯ ಜೆಲ್ಲಿ ಸೇರಿಸಿದ ಗಾರೆ ಹಾಕಿ, ಬೆಲ್ಲದ ನೀರನ್ನೂ ಅಳಲೆಕಾಯಿಯ ನೀರನ್ನೂ ಚಿಮುಕಿಸುತ್ತ ಹೆಂಗಸರು ಸಾಲಾಗಿ ಕುಳಿತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಆ ಬಡಿತದಲ್ಲಿಯೇ ತಾರಸಿಗೆ ವಾಟ ಮೂಡುತ್ತಿದ್ದಿತು.

‘ವಾಟ’ ಎಂಬ ಈ ಮಾತನ್ನು ವಾಚಕರು ಗಮನಿಸಬೇಕು. ಗಾರೆ ಕೆಲಸದವರ ಬಾಯಲ್ಲಿ ಇಳಿಜಾರಿಗೆ ಅದೇ ಹೆಸರು. ಚಪ್ಪಟೆಯಾಗಿ ಕಾಣುವ ತಾರಸಿ ನಿಜವಾಗಿ ಚಪ್ಪಟೆಯಾಗಿರಬಾರದು. ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳಿದಿರಬೇಕು. ಮೂವತ್ತು ಅಡಿಯ ತಾರಸಿಯಲ್ಲಿ ಅದು ಸುಮಾರು ಮೂರೂವರೆ ಅಂಗುಲ. ಕಣ್ಣಿಗೆ ಕಾಣದು, ನೀರಿಗೆ ಗೊತ್ತಾಗುತ್ತದೆ. ಈಗಿನ ಆರ್‌ಸಿಸಿ ಮನೆಗಳಲ್ಲಿ ಮೋಲ್ಡಿಂಗ್ ಹಾಕಿದ ಮರುದಿನ ಗಾರೆಯಿಂದ ಪುಟ್ಟ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನು ಎಲ್ಲರೂ ನೋಡಿದ್ದಾರೆ. ಸಿಮೆಂಟು ಗಟ್ಟಿಯಾಗಲು ಆ ನೀರು ಬೇಕು. ತಾರಸಿಯ ಆಯುಷ್ಯದಲ್ಲಿ ಅದರ ಮೇಲೆ ನೀರು ನಿಲ್ಲಬೇಕಾದ ಕಾಲ ಅದೊಂದೇ. ಆಮೇಲೆ ನಿಂತ ನೀರೆಲ್ಲ ಹೊರೆ: ಹತ್ತಡಿ ಉದ್ದ ಹತ್ತಡಿ ಅಗಲದ ಜಾಗದಲ್ಲಿ ಎರಡು ಅಂಗುಲ ನೀರು ನಿಂತರೆ ಅದರ ತೂಕ ಸುಮಾರು 470 ಕಿಲೋಗ್ರಾಂ. ಸಾವಿರ ಚದರಡಿಯ ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 2,360 ಲೀಟರ್ ನೀರು; ಅಷ್ಟೂ ನಾಲ್ಕಂಗುಲದ ಒಂದೆರಡು ಕೊಳವೆಯ ಬಾಯಲ್ಲಿ ಇಳಿಯಬೇಕು. ಆ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಹಾರಿ ಬಂದು ಕುಳಿತರೆ ಸಾಕು.

ಅಕ್ಕನ ಮನೆ ನಡೆದ ಕಥೆ ಇದೇ. ಕೆಂಗೇರಿ ಉಪನಗರದಲ್ಲಿ ನನ್ನ ಮನೆಯಿಂದ ನಾಲ್ಕು ಬೀದಿ ಆಚೆಗೆ ಅವಳ ಮನೆ. ಭಾವನವರು ಕನ್ನಡದ ಅಧ್ಯಾಪಕರಾಗಿದ್ದವರು. ಅವರು ತೀರಿಕೊಂಡ ಮೇಲೂ ಅವರ ಪುಸ್ತಕದ ಕೋಣೆ ಇದ್ದಂತೆಯೇ ಇದೆ. ಹಳಗನ್ನಡ ಕಾವ್ಯಗಳ ಮುದ್ರಣಗಳು, ಅಂಚಿನಲ್ಲಿ ಅವರ ಪೆನ್ಸಿಲಿನ ಟಿಪ್ಪಣಿಗಳು, ಕಟ್ಟು ಹಾಕಿಸಿದ ಮಾಸಪತ್ರಿಕೆಗಳು. 2022ನೆಯ ಇಸವಿಯನ್ನು ಬೆಂಗಳೂರಿನವರು ಮರೆಯುವಂತಿಲ್ಲ. ವಾಡಿಕೆಯಂತೆ ಸಾವಿರ ಮಿಲಿಮೀಟರಿಗೆ ತುಸು ಕಡಿಮೆ ಮಳೆ ಕಾಣುವ ಈ ನಗರದ ಮೇಲೆ ಆ ವರ್ಷ 1,950 ಮಿಲಿಮೀಟರಿಗೂ ಹೆಚ್ಚು ಸುರಿಯಿತು. ಅದುವರೆಗಿನ ದಾಖಲೆಗಳನ್ನೆಲ್ಲ ಅದು ಮೀರಿಸಿತು. ನಮ್ಮ ವೃಷಭಾವತಿ ಕೊಳೆಯನ್ನು ಹೊತ್ತು ಕೆಂಪಾಗಿ ಉಕ್ಕಿದಳು. ಆ ಮಳೆಗಾಲದಲ್ಲಿ ಪುಸ್ತಕದ ಕೋಣೆಯ ಈಶಾನ್ಯ ಮೂಲೆಯಲ್ಲಿ ಕಲೆ ಕಾಣಿಸಿತು. ಕಾಣಿಸಿತು ಎನ್ನುವುದಕ್ಕಿಂತ ಮತ್ತೆ ಕಾಣಿಸಿತು ಎನ್ನಬೇಕು. ಏಕೆಂದರೆ ಹಿಂದಿನ ಮೂರು ವರ್ಷಗಳಲ್ಲಿ ಮೂರು ಸಲ ಬಣ್ಣದವರು ಬಂದು ಆ ಕಲೆಯನ್ನು ಕೆರೆದು, ಪುಟ್ಟಿ ಮೆತ್ತಿ, ಬಿಳಿಯ ಬಣ್ಣ ಹಚ್ಚಿ ಹೋಗಿದ್ದರು. ಒಬ್ಬರು ತಾರಸಿಯ ಮೇಲೂ ‘ವಾಟರ್ ಪ್ರೂಫ್’ ಬಣ್ಣ ಬಳಿದಿದ್ದರು. ಈ ಸಲ ಅಕ್ಕ ಕಪಾಟನ್ನು ಸರಿಸಿ ನೋಡಿದಾಗ ಕೆಳಗಿನ ಸಾಲಿನ ಹದಿನಾರು ಪುಸ್ತಕಗಳು ಇಟ್ಟಿಗೆಯಂತೆ ಅಂಟಿಕೊಂಡಿದ್ದವು. ಪೆನ್ಸಿಲಿನ ಬರವಣಿಗೆ ನೀರಿಗೆ ಅಳಿಯುವುದಿಲ್ಲ, ನಿಜ. ಆದರೆ ಅಂಟಿದ ಹಾಳೆ ಬಿಡಿಸುವಾಗ ಅಂಚೇ ಕೈಗೆ ಬರುತ್ತಿತ್ತು. ಅವಳು ಅಳಲಿಲ್ಲ. ಒಂದೊಂದೇ ಪುಸ್ತಕವನ್ನು ತೆಗೆದು, ಹಾಳೆಗಳ ನಡುವೆ ಬಿಳಿಯ ಕಾಗದವಿಟ್ಟು, ಫ್ಯಾನಿನ ಕೆಳಗೆ ಹರಡಿ ಕುಳಿತಿದ್ದಳು. ನಾನು ಹೋದಾಗ “ಇದು ನಿಮ್ಮ ಭಾವನವರ ಪಂಪಭಾರತ, ಇದನ್ನು ನೀನು ಹಿಡಿಯಬೇಡ, ನಿನ್ನ ಕೈ ಒರಟು” ಎಂದಳು.

ಮರುದಿನ ಬಂದ ಮೇಸ್ತ್ರಿ ಹಳೆಯ ಕಾಲದವನು. ಕೋಣೆಯ ಕಲೆಯನ್ನು ಒಂದು ಸಲ ನೋಡಿ, “ರೋಗ ಇಲ್ಲಿಲ್ಲ ಸ್ವಾಮಿ” ಎಂದು ತಾರಸಿ ಹತ್ತಿದ. ಎರಡು ಕೊಡ ನೀರು ತರಿಸಿ ಎತ್ತರದ ತುದಿಯಲ್ಲಿ ಸುರಿದು, ಬೀಡಿಯನ್ನೂ ಹಚ್ಚದೆ ಸುಮ್ಮನೆ ನಿಂತು ನೋಡಿದ. ನೀರು ಕೊಳವೆಯ ಕಡೆಗೆ ಸರಿಯಾಗಿ ಹೊರಟಿತು. ಅರ್ಧ ದಾರಿಯಲ್ಲಿ ಸೋಲಾರ್ ಹೀಟರಿನ ಕಾಲುಗಳಿಗೆಂದು ಹಾಕಿದ್ದ ಸಿಮೆಂಟಿನ ದಿಂಡು ಅಡ್ಡ ಬಂದಿತು. ನಾಲ್ಕು ಕಾಲಿಗೆ ನಾಲ್ಕು ಕಲ್ಲು ಸಾಕಾಗಿದ್ದ ಕಡೆ, ಭದ್ರವಾಗಿರಲೆಂದು ಯಾರೋ ಗೋಡೆಯಿಂದ ಗೋಡೆಗೆ ಮೂರು ಅಂಗುಲ ಎತ್ತರದ ಉದ್ದನೆಯ ಕಟ್ಟೆಯನ್ನೇ ಕಟ್ಟಿದ್ದರು. ನೀರು ಅದಕ್ಕೆ ತಾಗಿ ನಿಂತು, ಹಿಂದೆ ಸರಿದು, ಅಡ್ಡಗೋಡೆಯ ಬುಡ ಸೇರಿತು. ಮೇಸ್ತ್ರಿ ನನ್ನಿಂದ ಸೀಮೆಸುಣ್ಣ ಕೇಳಿ ಪಡೆದು ನಿಂತ ನೀರಿನ ಅಂಚಿಗೆ ಗೆರೆ ಎಳೆದ. ಸಂಜೆಗೆ ಮತ್ತೆ ಬಂದು, ಆರಿ ಕುಗ್ಗಿದ ನೀರಿಗೆ ಇನ್ನೊಂದು ಗೆರೆ. ಮರುದಿನ ಮುಂಜಾನೆ ಮೂರನೆಯದು. ಭೂಪಟದ ಎತ್ತರದ ಗೆರೆಗಳಂತೆ ಮೂರು ವೃತ್ತಗಳು ಒಂದರೊಳಗೊಂದು ಮೂಡಿದ್ದವು. ಎಲ್ಲಕ್ಕೂ ಒಳಗಿನ ವೃತ್ತ ಗೋಡೆಯ ಬುಡದ ಬಿರುಕಿಗೆ ತಾಗಿದ್ದಿತು. ಅದರ ನೇರ ಕೆಳಗೆ ಭಾವನವರ ಕಪಾಟು. ಶಾಲೆಯಲ್ಲಿ ನಾನು ಕಾಣದಿದ್ದ ಪ್ರಯೋಗವಿದು.

ಆ ರಾತ್ರಿ ಫೋನಿನಲ್ಲಿ ಚಿತ್ರವನ್ನು ಕಂಡು ಅಳಿಯ “ಮಾವ, ಇದು ಐಸ್ ಡ್ಯಾಮೇ. ಐಸ್ ಒಂದಿಲ್ಲ ಅಷ್ಟೇ” ಎಂದ. ಅವನ ಮನೆಯಲ್ಲಿ ಒಳಗಿನ ಶಾಖ ಕಟ್ಟೆ ಕಟ್ಟಿದ್ದಿತು. ತಾಯಿಯ ಮನೆಯಲ್ಲಿ ನೀರು ಕಾಯಿಸುವ ಯಂತ್ರ. ಅಲ್ಲಿ ಗಡ್ಡೆಯನ್ನು ಬಡಿಯುವವರಂತೆ ಇಲ್ಲಿ ಕಲೆಗೆ ಬಣ್ಣ ಬಳಿಯುವವರು. ಮೂರು ಸಲ ಬಣ್ಣಕ್ಕೆ ಕೊಟ್ಟ ಹಣದ ಕಾಲುಭಾಗದಲ್ಲಿ ಮೇಸ್ತ್ರಿ ಕೆಲಸ ಮುಗಿಸಿದ: ದಿಂಡನ್ನು ಒಡೆದು ಕಾಲುಗಳಿಗೆ ಬಿಡಿಬಿಡಿ ಕಲ್ಲು ಕೊಟ್ಟ, ತಗ್ಗಾಗಿದ್ದ ಕಡೆಗೆ ಗಾರೆ ಹಾಕಿ ವಾಟ ತಿದ್ದಿದ, ಬಿರುಕನ್ನು ಅಗಲಿಸಿ ತುಂಬಿ, ಗೋಡೆ ಮತ್ತು ತಾರಸಿ ಸೇರುವ ಮೂಲೆಗೆ ಉದ್ದಕ್ಕೂ ಗುಂಡಗೆ ಗಾರೆ ಹಾಕಿ ನೀರು ಅಲ್ಲಿ ತಂಗದಂತೆ ಮಾಡಿದ, ಕೊಳವೆಯ ಬಾಯಿಗೆ ಮಡಕೆ ಬೋರಲು ಹಾಕಿದಂಥ ತಂತಿಯ ಜಾಲರಿ ಕೂರಿಸಿದ. ಚಪ್ಪಟೆ ಜಾಲರಿಯಾದರೆ ನಾಲ್ಕು ಎಲೆ ಬಿದ್ದೊಡನೆ ಮುಚ್ಚಿಹೋಗುತ್ತದೆ. ಉಬ್ಬಿದ ಜಾಲರಿಯ ಬುಡ ಮುಚ್ಚಿದರೂ ನೆತ್ತಿಯಲ್ಲಿ ನೀರಿಗೆ ದಾರಿಯುಳಿಯುತ್ತದೆ. ಮಳೆನೀರಿನ ಕೊಯ್ಲನ್ನು 2009ರಿಂದ ದೊಡ್ಡ ನಿವೇಶನಗಳಿಗೂ ಹೊಸ ಮನೆಗಳಿಗೂ ಕಡ್ಡಾಯ ಮಾಡಿರುವ ಈ ನಗರದಲ್ಲಿ ತೊಟ್ಟಿಯ ಮಾತನ್ನು ಎಲ್ಲರೂ ಆಡುತ್ತಾರೆ. ತೊಟ್ಟಿಗೆ ನೀರು ಕಳಿಸಬೇಕಾದ ಈ ನಾಲ್ಕಂಗುಲದ ಬಾಯಿಯನ್ನು ಕೇಳುವವರಿಲ್ಲ.

ನನಗೆ ಹೆಚ್ಚಿನ ಚಿಂತೆಯಾಗಿರುವುದು ಇನ್ನೊಂದು. ಕೆಂಗೇರಿ, ರಾಜಾಜಿನಗರ, ವಿಜಯನಗರಗಳ ಎಷ್ಟೋ ಮನೆಗಳಲ್ಲಿ ಇಂದು ಉಳಿದಿರುವವರು ಎಪ್ಪತ್ತು ದಾಟಿದವರು. ಮಕ್ಕಳು ಬಾಸ್ಟನ್ನಿನಲ್ಲೋ ಸಿಡ್ನಿಯಲ್ಲೋ ಇದ್ದಾರೆ. ತಾರಸಿಗೆ ಹೋಗುವ ಮೆಟ್ಟಿಲು ಕಡಿದು, ಮಂಡಿ ನೋವು. ಬಟ್ಟೆ ಒಣಗಿಸುವ ತಂತಿಯೂ ಕೆಳಗಿನ ಹಜಾರಕ್ಕೆ ಇಳಿದಿದೆ. ಹಪ್ಪಳ ಸಂಡಿಗೆ ಇಡುವ ಕಾಲದಲ್ಲಿ ತಾರಸಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರುತ್ತಿದ್ದ ಮನೆಯಾಕೆಯ ಕಣ್ಣಿಗೆ ಕೊಳವೆಯ ಬಾಯಿಯ ಕಸ ಬೀಳದೆ ಇರುತ್ತಿರಲಿಲ್ಲ. ಈಗ ಹಪ್ಪಳ ಅಂಗಡಿಯಿಂದ ಬರುತ್ತದೆ. ಮೇಲೆ ಏನಾಗುತ್ತಿದೆಯೆಂದು ಒಳಗಿನ ಕಲೆ ಹೇಳಿದ ಮೇಲೆಯೇ ತಿಳಿಯುವುದು. ಹಾಗೆ ತಿಳಿದು ಗಾಬರಿಯಿಂದ ಮಳೆಯಲ್ಲೇ ಮೆಟ್ಟಿಲು ಹತ್ತಿ, ಪಾಚಿಯ ಮೇಲೆ ಜಾರಿ ತೊಡೆಯ ಮೂಳೆ ಮುರಿದುಕೊಂಡ ಹಿರಿಯರನ್ನು ನಾನು ನೋಡಿದ್ದೇನೆ. ಅಕ್ಕ ಮಗನಿಗೆ ಹೇಳುತ್ತಿದ್ದ ಮಾತನ್ನು ಈಗ ಮಗ ಅಕ್ಕನಿಗೆ ಹೇಳುತ್ತಿದ್ದಾನೆ: “ಅಮ್ಮ, ನೀವು ಮೇಲೆ ಹತ್ತಬೇಡಿ.”

ಆದುದರಿಂದ ನಾವೊಂದು ಏರ್ಪಾಡು ಮಾಡಿಕೊಂಡಿದ್ದೇವೆ. ಪಕ್ಕದ ಬೀದಿಯ ಒಬ್ಬ ಕಾಲೇಜು ಹುಡುಗ ವರ್ಷಕ್ಕೆ ಮೂರು ಸಲ, ಬಿಸಿಲಿದ್ದು ತಾರಸಿ ಒಣಗಿರುವ ದಿನ ನೋಡಿ, ನಮ್ಮ ಬೀದಿಗಳ ಹನ್ನೊಂದು ಮನೆಗಳ ತಾರಸಿ ಗುಡಿಸಿ, ಕೊಳವೆಗೆ ಒಂದು ಕೊಡ ನೀರು ಬಿಟ್ಟು, ಕೆಳಗೆ ನೀರು ಬಂದುದನ್ನು ನೋಡಿ ಹೋಗುತ್ತಾನೆ. ಹೊಂಗೆಯ ಎಲೆ ಉದುರಿ ಮುಗಿದ ಮೇಲೆ, ಭರಣಿ ಮಳೆಗೆ ಮುಂಚೆ ಒಂದು ಸಲ. ಹೊಂಗೆಯ ಹೂವೂ ಗುಲ್‌ಮೊಹರಿನ ಸಣ್ಣೆಲೆಯೂ ಬಿದ್ದಾದ ಮೇಲೆ ಮೃಗಶಿರೆಗೆ ಒಂದು ಸಲ. ನಮ್ಮ ಊರಿಗೆ ನಿಜವಾದ ದೊಡ್ಡ ಮಳೆ ತರುವ ಉತ್ತರೆ ಹಸ್ತೆಗಳಿಗೆ ಮುಂಚೆ ಮೂರನೆಯದು. ಮನೆಗೆ ಇಷ್ಟೆಂದು ಹಣ. ಅಕ್ಕನ ಮನೆಯಲ್ಲಿ ಅದರ ಮೇಲೆ ಕಾಫಿ, ಕೋಡುಬಳೆ. ಅವನು ತೆಗೆದ ಚಿತ್ರ ಆಯಾ ಮನೆಯ ಮಕ್ಕಳಿಗೆ ಹೋಗುತ್ತದೆ.

ಕಳೆದ ಸಲದ ಚಿತ್ರದಲ್ಲಿ ಅಡ್ಡಗೋಡೆಯ ಹೊರಮೈಯಲ್ಲಿ ಏನೋ ಹಸಿರಾಗಿ ಕಾಣುತ್ತದೆಂದು ಬಾಸ್ಟನ್ನಿನಿಂದ ಪ್ರಶ್ನೆ ಬಂದಿತು. ಹಕ್ಕಿ ಹಾಕಿದ ಬೀಜದಿಂದ ಎದ್ದ ಅರಳಿಯ ಸಸಿ, ಗೇಣುದ್ದವಾಗಿದ್ದಿತು. ಅರಳಿಯನ್ನು ಕೀಳಿಸಲು ಅಕ್ಕನಿಗೆ ಮನಸ್ಸಿಲ್ಲ. ಬಿಟ್ಟರೆ ಗೋಡೆಯನ್ನು ಸೀಳುತ್ತದೆಂಬುದೂ ಅವಳಿಗೆ ಗೊತ್ತು. ಎರಡು ದಿನ ಬುಡಕ್ಕೆ ನೀರು ಹಾಕಿ ಮೆದುಮಾಡಿ, ಹುಡುಗನ ಕೈಯಲ್ಲಿ ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ದೇವಸ್ಥಾನದ ಹಿಂದಿನ ಬಯಲಿನಲ್ಲಿ ನೆಡಿಸಿದಳು. ಕಿತ್ತು ಬಂದ ಬೇರು ಮಾತ್ರ ಅರ್ಧಕ್ಕೆ ತುಂಡಾಗಿದ್ದಿತು. ಉಳಿದ ಅರ್ಧ ಗೋಡೆಯೊಳಗೆ ಎಷ್ಟು ದೂರ ಹೋಗಿದೆಯೋ, ಮೃಗಶಿರೆಗೆ ಮುಂಚೆ ಬಂದು ಗಾರೆ ಬಿಚ್ಚಿ ನೋಡುವುದಾಗಿ ಮೇಸ್ತ್ರಿ ಹೇಳಿದ್ದಾನೆ.